18 ಎಕರೆ ಹೊಲ, 8 ಲಕ್ಷ ಡಾಲರ್: ಮಗನಿಗೆ ಇಬಿ-5 ಮಾಡಿಸಬೇಕಾ, ಇಬಿ-2 ಸಾಲಿನಲ್ಲೇ ಕಾಯಬೇಕಾ?

ನವನಗರದ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ನವನಗರದವನು. ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಕಲಿಸಿ ರಿಟೈರ್ ಆಗಿದ್ದೇನೆ. ಇಲ್ಲಿ ಬರೆಯುತ್ತಿರುವುದು ಮೊದಲ ಸಲ. ಉದ್ದ ಆದರೆ ಸಹಿಸಿಕೊಳ್ಳಿ, ಮಾಸ್ತರಿಕೆಯ ಚಟ ಇನ್ನೂ ಬಿಟ್ಟಿಲ್ಲ.

ಮಗ, ಸೊಸೆ, ಮೊಮ್ಮಗಳು ಡಾಲಸ್‌ನಲ್ಲಿದ್ದಾರೆ. ಮಗ 2015ರಲ್ಲಿ ಎಂ.ಎಸ್. ಓದಲು ಹೋದ. ಈಗ ಎಚ್-1ಬಿ ಎಂಬ ನೌಕರಿ ವೀಸಾ ಮೇಲಿದ್ದಾನೆ. ಕಂಪನಿಯವರು 2019ರ ಮಾರ್ಚ್‌ನಲ್ಲಿ ಇಬಿ-2ರಲ್ಲಿ, ಅಂದರೆ ನೌಕರಿ ಮೇಲೆ ಸಿಗುವ ಗ್ರೀನ್ ಕಾರ್ಡಿನ ಒಂದು ವರ್ಗದಲ್ಲಿ, ಪರ್ಮ್ ಎಂಬ ಮೊದಲ ಅರ್ಜಿ ಹಾಕಿದರು. ಅದರ ಮುಂದಿನ ಅರ್ಜಿ ಐ-140 ಪಾಸಾಗಿದೆ. ಅಂದರೆ ಅವನ ಪ್ರಯಾರಿಟಿ ಡೇಟ್, ಸಾಲಿನಲ್ಲಿ ನಿಂತ ತಾರೀಖು, ಮಾರ್ಚ್ 2019. ಈ ತಿಂಗಳ, ಅಂದರೆ ಅಕ್ಟೋಬರ್ 2025ರ, ಯಾವ ತಾರೀಖಿನವರ ಪಾಳಿ ಬಂದಿದೆ ಎಂದು ತೋರಿಸುವ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ತಾರೀಖು 1 ಏಪ್ರಿಲ್ 2013. ನಡುವೆ ಆರು ವರ್ಷ ಇದೆ, ಆರು ವರ್ಷ ಕಾದರೆ ಆಯ್ತಲ್ಲ ಎಂದೆ. ಮಗ ನಕ್ಕ. ಆ ಬೋರ್ಡು ವರ್ಷಕ್ಕೆ ಒಂದು ವರ್ಷ ಮುಂದೆ ಹೋಗುವುದಿಲ್ಲ ಅಪ್ಪಾ, ಎರಡೇ ತಿಂಗಳು ಹೋಗಬಹುದು, ಹಿಂದಕ್ಕೂ ಬರಬಹುದು ಎಂದ. ಕ್ಯಾಲೆಂಡರ್ ಹಿಂದಕ್ಕೆ ಓಡುವ ಗಣಿತವನ್ನು ನಾನು ಯಾವ ಕ್ಲಾಸಿಗೂ ಕಲಿಸಿಲ್ಲ.

ಮೊಮ್ಮಗಳಿಗೆ 7 ವರ್ಷ. ಹುಟ್ಟಿದ್ದು ಜಮಖಂಡಿಯಲ್ಲಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂದು ಬೀಗರೂ ನಾವೂ ಹಟ ಹಿಡಿದು ಸೊಸೆಯನ್ನು ಕರೆಸಿಕೊಂಡೆವು. ಅಲ್ಲೇ ಹೆತ್ತಿದ್ದರೆ ಹುಡುಗಿ ಅಮೆರಿಕದ ಪ್ರಜೆ ಆಗಿರುತ್ತಿದ್ದಳು. ಈಗ ಸಾಲು ಹೀಗೇ ನಿಂತರೆ, ಅವಳಿಗೆ 21 ತುಂಬಿದ ಮೇಲೆ ಅಪ್ಪನ ಅರ್ಜಿಯಲ್ಲಿ ಅವಳಿಗೆ ಜಾಗ ಇರುವುದಿಲ್ಲ. ಇದನ್ನು ಮಗ ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ನಾನೇ ಓದಿ ತಿಳಿದುಕೊಂಡೆ. ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ 16ರಂದು ನಮ್ಮ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ. ಆಲಮಟ್ಟಿಯ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಿದರೆ ಬೀಳಗಿ ತಾಲೂಕಿನ ನಮ್ಮ 18 ಎಕರೆ ಕಬ್ಬಿನ ಹೊಲ ನೀರೊಳಗೆ ಹೋಗುತ್ತದೆ. ಹಳೇ ಬಾಗಲಕೋಟೆಯ ಮನೆ ಮೊದಲೇ ಹಿನ್ನೀರಿಗೆ ಹೋಗಿದೆ. ನಮಗೆ ಮುಳುಗಡೆ ಹೊಸದಲ್ಲ.

ಮೂರು ದಿನ ಬಿಟ್ಟು, ಸೆಪ್ಟೆಂಬರ್ 19ಕ್ಕೆ, ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಎಂದು ವಾಷಿಂಗ್ಟನ್‌ನಿಂದ ಘೋಷಣೆ ಬಂತು. ಮಗ ದಸರೆಗೆ ಬರುವವನಿದ್ದ. ಈಗಾಗಲೇ ವೀಸಾ ಇದ್ದವರಿಗೆ ಇದು ಹತ್ತುವುದಿಲ್ಲ ಎಂದು ಮರುದಿನವೇ ಹೇಳಿದರು. ಆದರೂ ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಿದ. ಆ ವಾರವೇ ಫೋನಿನಲ್ಲಿ ಒಂದು ಲೆಕ್ಕ ಹೇಳಿದ. 18 ಎಕರೆಗೆ 40 ಲಕ್ಷದಂತೆ 7 ಕೋಟಿ 20 ಲಕ್ಷ. ಹಣ ಹೂಡಿ ಗ್ರೀನ್ ಕಾರ್ಡ್ ಪಡೆಯುವ ಇಬಿ-5ಕ್ಕೆ ಬೇಕಾದ 8 ಲಕ್ಷ ಡಾಲರಿಗೆ 88 ರೂಪಾಯಿಯಂತೆ 7 ಕೋಟಿ 4 ಲಕ್ಷ. "ಬರೋಬ್ಬರಿ ಆಗ್ತದಪ್ಪಾ" ಎಂದ.

ಲೆಕ್ಕ ಸರಿ ಇದೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೂ ಹೊಟ್ಟೆಯೊಳಗೆ ಏನೋ ಕಸಿವಿಸಿ. ನನ್ನ ಜೀವಮಾನದ ಸಂಬಳ ಪೂರ್ತಿ ಕೂಡಿಸಿದರೂ ಅಷ್ಟು ದುಡ್ಡು ಆಗುವುದಿಲ್ಲ. ಯಾರಾದರೂ ಈ ದಾರಿಯಲ್ಲಿ ಹೋದವರಿದ್ದರೆ ಹೇಳಿ. ದುಡ್ಡು ಹಾಕಿ ಹೋಗುವುದು ಒಳ್ಳೆಯದಾ, ನೌಕರಿಯ ಸಾಲಿನಲ್ಲೇ ನಿಲ್ಲುವುದು ಒಳ್ಳೆಯದಾ? ಏಜೆಂಟರ ನಂಬರ್ ಕೊಡಬೇಡಿ, ದಯವಿಟ್ಟು. ಈಗಾಗಲೇ ಇಬ್ಬರು ಹುಬ್ಬಳ್ಳಿಯಿಂದ ಫೋನ್ ಮಾಡಿ ತಲೆ ತಿನ್ನುತ್ತಿದ್ದಾರೆ.

ಟಿಳಕವಾಡಿ ಕಾಕಾ

ಮಾಸ್ತರರೇ ನಮಸ್ಕಾರ. 2023ರಲ್ಲಿ ನನ್ನ ಮಗಳಿಗೆ ಇಬಿ-5 ಹಾಕಿಸಿದವನು ನಾನು. ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇತ್ತು. ಅದರ ಜಾಗ ಮಾರಿದ ಹಣದಲ್ಲಿ ಮಾಡಿದೆ. ಅದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ನಿಮ್ಮ ಮಗ ಹೇಳಿದ್ದರಲ್ಲಿ ಬಿಟ್ಟುಹೋದದ್ದು. 8 ಲಕ್ಷ ಡಾಲರ್ ಎಲ್ಲಾ ಕಡೆ ನಡೆಯುವುದಿಲ್ಲ. ಹಳ್ಳಿ ಪ್ರದೇಶ, ನಿರುದ್ಯೋಗ ಜಾಸ್ತಿ ಇರುವ ಪ್ರದೇಶ ಅಥವಾ ಸರ್ಕಾರಿ ಮೂಲಸೌಕರ್ಯದ ಕೆಲಸ ಆಗಿದ್ದರೆ ಮಾತ್ರ 8 ಲಕ್ಷ, ಉಳಿದದ್ದಕ್ಕೆ 10 ಲಕ್ಷ 50 ಸಾವಿರ. 2022ರ ಮಾರ್ಚ್‌ನಲ್ಲಿ ಬಂದ ಕಾನೂನು ಇದು. ಆ ಹಣದಿಂದ ಅಲ್ಲಿನ 10 ಜನರಿಗೆ ಪೂರ್ಣಾವಧಿ ಕೆಲಸ ಸಿಗಬೇಕು. ನಾವು ಯಾರೂ ಅಲ್ಲಿ ಹೋಗಿ ಅಂಗಡಿ ತೆಗೆಯುವುದಿಲ್ಲ, ರೀಜನಲ್ ಸೆಂಟರ್ ಎಂಬ ಸಂಸ್ಥೆಯ ಪ್ರಾಜೆಕ್ಟಿಗೆ ಹಣ ಹಾಕುತ್ತೇವೆ. ಅವರ ಆಡಳಿತ ಶುಲ್ಕ ಬೇರೆ. ನನ್ನಿಂದ 60 ಸಾವಿರ ಡಾಲರ್ ತೆಗೆದುಕೊಂಡರು, ಅದು ವಾಪಸ್ ಬರುವ ದುಡ್ಡಲ್ಲ. ವಕೀಲರ ಫೀ, ಸರ್ಕಾರದ ಫೀ ಅದರ ಮೇಲೆ.

ಇದರಿಂದ ಸಿಕ್ಕಿದ್ದೇನು? ಇಬಿ-5ರ ಒಟ್ಟು ವೀಸಾದಲ್ಲಿ ಹಳ್ಳಿ ಪ್ರಾಜೆಕ್ಟಿಗೆ 20, ನಿರುದ್ಯೋಗದ ಪ್ರದೇಶಕ್ಕೆ 10, ಮೂಲಸೌಕರ್ಯಕ್ಕೆ 2 ಶೇಕಡಾ ಮೀಸಲು ಇಟ್ಟಿದ್ದಾರೆ. ಮೀಸಲಿಲ್ಲದ ಇಬಿ-5ರಲ್ಲಿ ಭಾರತಕ್ಕೆ ಈಗ ಸಾಲು ಇದೆ, ಈ ಅಕ್ಟೋಬರ್ 2025ರ ಬೋರ್ಡಿನಲ್ಲಿ 1 ಫೆಬ್ರವರಿ 2021ಕ್ಕೆ ನಿಂತಿದೆ. ಮೀಸಲಿನಲ್ಲಿ ಸದ್ಯಕ್ಕೆ ಸಾಲಿಲ್ಲ. ಸಾಲಿಲ್ಲದ್ದರಿಂದ, ಅಮೆರಿಕದೊಳಗೇ ಇದ್ದ ಮಗಳು ಐ-526ಇ (ಹೂಡಿಕೆಯ ಅರ್ಜಿ) ಮತ್ತು ಐ-485 (ಗ್ರೀನ್ ಕಾರ್ಡಿನ ಅರ್ಜಿ) ಎರಡನ್ನೂ ಒಟ್ಟಿಗೆ ಹಾಕಿದಳು. ಕೆಲವೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸದ ಪರವಾನಗಿ, ಊರಿಗೆ ಬಂದು ಹೋಗುವ ಕಾಗದ ಬಂತು. ಮುಂದಿನ ವರ್ಷ ಅವಳ ಕೆಲಸ ಹೋಯಿತು. ಎಚ್-1ಬಿ ಮಾತ್ರ ಇದ್ದಿದ್ದರೆ 60 ದಿನದಲ್ಲಿ ಬೇರೆ ಕೆಲಸ ಹುಡುಕಬೇಕಿತ್ತು. ಅವಳು ಐದು ತಿಂಗಳು ಮನೆಯಲ್ಲಿ ಕೂತು, ನಿಧಾನವಾಗಿ ಹುಡುಕಿ ಸೇರಿದಳು. ನಾನು ಕೊಟ್ಟದ್ದು ಈ ನೆಮ್ಮದಿಗೆ. ಮೊದಲು ಬರುವುದು ಎರಡು ವರ್ಷದ ಷರತ್ತಿನ ಕಾರ್ಡು, ಆಮೇಲೆ ಐ-829 ಹಾಕಿ ಷರತ್ತು ತೆಗೆಸಬೇಕು.

ಇನ್ನು ನಿಜವಾದ ತ್ರಾಸು. ದುಡ್ಡು ಇದ್ದರೆ ಸಾಲದು, ಅದು ಎಲ್ಲಿಂದ ಬಂತು ಎಂದು ಕಾಗದದಲ್ಲಿ ತೋರಿಸಬೇಕು. ನಮ್ಮ ಕಡೆ ಆಸ್ತಿ ಹೇಗೆ ಮಾರುತ್ತೇವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಖರೀದಿ ಪತ್ರದಲ್ಲಿ ಒಂದು, ಕೈಯಲ್ಲಿ ಒಂದು. ನನ್ನ ಜಾಗಕ್ಕೆ ಬಂದ ಮೊದಲ ಗಿರಾಕಿ ಅರ್ಧ ನಗದು ಕೊಡುತ್ತೇನೆ ಎಂದ. ಒಳ್ಳೆಯ ರೇಟು. ಆದರೆ ಆ ಅರ್ಧ ಅಮೆರಿಕದ ವಕೀಲನ ಮುಂದೆ ಶೂನ್ಯ. ಪೂರ್ತಿ ಚೆಕ್ಕಿನಲ್ಲಿ ಕೊಡುವವನನ್ನು ಹುಡುಕಲು ಎಂಟು ತಿಂಗಳು ಹಿಡಿಯಿತು, ರೇಟೂ ಕಡಿಮೆ ಮಾಡಬೇಕಾಯಿತು. ಅಲ್ಲಿಗೂ ಮುಗಿಯಲಿಲ್ಲ. ಆ ಜಾಗವನ್ನು 1996ರಲ್ಲಿ ನಾನು ಯಾವ ದುಡ್ಡಿನಲ್ಲಿ ತೆಗೆದುಕೊಂಡೆ ಎಂದು ಕೇಳಿದರು! ಬ್ಯಾಂಕು ಹಳೇ ಲೆಜರ್ ಇಲ್ಲ ಎಂದಿತು. ನನ್ನ ತೀರಿಹೋದ ಅಣ್ಣನ ಟ್ರಂಕಿನಲ್ಲಿ ಸಾಲದ ಪತ್ರ ಸಿಕ್ಕಿದ್ದಕ್ಕೆ ಬಚಾವಾದೆ. ಕೊನೆಗೆ ಫೈಲು 400 ಪುಟ ದಾಟಿತು. ಮರಾಠಿ ಕಾಗದಗಳಿಗೆ ಇಂಗ್ಲಿಷ್ ತರ್ಜುಮೆ, ಕನ್ನಡದ್ದಕ್ಕೆ ತರ್ಜುಮೆ. ಬೆಳಗಾವಿ ನೋಡಿ, ಎರಡೂ ಇರುತ್ತವೆ.

ಆ ಲೆಕ್ಕದಲ್ಲಿ ನಿಮ್ಮ ಪರಿಹಾರದ ಹಣ ಬಂಗಾರ. ಸರ್ಕಾರದ ಆದೇಶ, ಬ್ಯಾಂಕಿಗೆ ಜಮಾ, ಎಲ್ಲಾ ಬಿಳಿ. ಆದರೆ ಅದು ಕೈಗೆ ಬರುವುದು ಯಾವಾಗ? ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ತೀರ್ಪು ಕೊಟ್ಟಿತು, ಕೇಂದ್ರದ ಗೆಜೆಟ್‌ನಲ್ಲಿ ಇನ್ನೂ ಬಂದಿಲ್ಲ. ಇಬಿ-5ಕ್ಕೆ ಅದರದ್ದೇ ಗಡುವು ಇದೆ. ರೀಜನಲ್ ಸೆಂಟರ್ ಯೋಜನೆಗೆ 30 ಸೆಪ್ಟೆಂಬರ್ 2027ರವರೆಗೆ ಮಾತ್ರ ಮಂಜೂರಾತಿ. 30 ಸೆಪ್ಟೆಂಬರ್ 2026ರೊಳಗೆ ಅರ್ಜಿ ಹಾಕಿದವರಿಗೆ, ಆಮೇಲೆ ಯೋಜನೆ ನಿಂತರೂ ಅರ್ಜಿ ನಡೆಯುತ್ತದೆ ಎಂಬ ರಕ್ಷಣೆ ಇದೆ. 1 ಜನವರಿ 2027ಕ್ಕೆ ಹಣದುಬ್ಬರ ನೋಡಿ ಮೊತ್ತವನ್ನೂ ಪರಿಷ್ಕರಿಸುತ್ತಾರೆ. ಏಜೆಂಟರು ನಿಮ್ಮ ಹಿಂದೆ ಬಿದ್ದಿರುವುದು ಅದಕ್ಕೇ.

ಇನ್ನೊಂದು ಮಾತು. ಹಣ ಅಪಾಯದಲ್ಲಿ ಇರಲೇಬೇಕು ಎಂಬುದು ಕಾನೂನೇ. ವಾಪಸ್ ಗ್ಯಾರಂಟಿ ಎಂದು ಯಾರಾದರೂ ಬರೆದುಕೊಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ. ವರ್ಮಾಂಟ್ ರಾಜ್ಯದ ಜೇ ಪೀಕ್ ಸ್ಕೀ ರಿಸಾರ್ಟ್ ಪ್ರಕರಣ ಓದಿ. ನೂರಾರು ವಿದೇಶಿಯರು ಹಣ ಹಾಕಿದ್ದರು, 2016ರಲ್ಲಿ ವಂಚನೆ ಕೇಸಾಯಿತು. ನಮ್ಮ ಒಪ್ಪಂದದಲ್ಲಿ ಐದು ವರ್ಷದ ಮೇಲೆ ವಾಪಸ್ ಎಂದಿದೆ. ಬಂದಾಗ ಬಂತು ಎಂದುಕೊಂಡಿದ್ದೇನೆ.

ಕೊನೆಯದು. ನಿಮ್ಮ ಸೊಸೆ ಹುಟ್ಟಿದ್ದು ಎಲ್ಲಿ? ಸುಮ್ನೆ ಕೇಳುತ್ತಿಲ್ಲ.

ನವನಗರದ ಮಾಸ್ತರ

ಕಾಕಾ, ಬಹಳ ಉಪಕಾರವಾಯಿತು. 1996ರ ದುಡ್ಡಿನ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. 2016ರಲ್ಲಿ ನಾವೂ ಮೂರು ಎಕರೆ ಮಾರಿದ್ದೆವು, ನೀವು ಹೇಳಿದ ಹಾಗೇ, ಕಾಗದದಲ್ಲಿ ಒಂದು, ಕೈಯಲ್ಲಿ ಒಂದು. ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾದಾಗ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ.

ಸೊಸೆ ಹುಟ್ಟಿದ್ದು ಮಿರಜ್‌ನಲ್ಲಿ. ಅವರ ಅವ್ವನಿಗೆ ಸ್ವಲ್ಪ ಕಷ್ಟದ ಹೆರಿಗೆ, ದೊಡ್ಡ ಆಸ್ಪತ್ರೆ ಬೇಕೆಂದು ಜಮಖಂಡಿಯಿಂದ ಅಲ್ಲಿಗೆ ಒಯ್ದಿದ್ದರಂತೆ. ಯಾಕೆ?

ಟಿಳಕವಾಡಿ ಕಾಕಾ

ಅಯ್ಯೋ, ಮಿರಜ್ ಆದರೆ ಉಪಯೋಗವಿಲ್ಲ. ಸಾಲು ಹುಟ್ಟಿದ ದೇಶದ ಮೇಲೆ ನಿಲ್ಲುತ್ತದೆ, ಪಾಸ್‌ಪೋರ್ಟಿನ ಮೇಲಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸಾಲಿಗೆ ಹೋಗಬಹುದು. ನಮ್ಮ ಪರಿಚಯದ ಹುಡುಗನೊಬ್ಬನ ಹೆಂಡತಿ ಕುವೈತ್‌ನಲ್ಲಿ ಹುಟ್ಟಿದವಳು, ಅವನಿಗೆ ಬೇಗ ಬಂತು. ಕರ್ನಾಟಕ ಮಹಾರಾಷ್ಟ್ರ ಎಂದು ನಾವು ಬೆಳಗಾವಿಯಲ್ಲಿ ಇಷ್ಟು ವರ್ಷ ಜಗಳ ಮಾಡಿದ್ದೇವೆ, ಅಮೆರಿಕದವರಿಗೆ ಎರಡೂ ಒಂದೇ!

ತಿಕೋಟಾ ಟು ಎಡಿಸನ್

ಸರ್, ನಾನು ನಿಮ್ಮ ಮಗ ನಿಂತಿರುವ ಸಾಲಿನಲ್ಲೇ ಇದ್ದೇನೆ, ಅವನಿಗಿಂತ ಐದು ವರ್ಷ ಮುಂದೆ. ವಿಜಯಪುರ ಜಿಲ್ಲೆ ತಿಕೋಟಾದವನು. ಮನೆಯಲ್ಲಿ ಈಗಲೂ ದ್ರಾಕ್ಷಿ ತೋಟ ಇದೆ. ನನ್ನ ಪ್ರಯಾರಿಟಿ ಡೇಟ್ ಮಾರ್ಚ್ 2014, ಇಬಿ-2.

ಈ ಸಾಲು ಯಾಕೆ ಹೀಗೆ ಎಂದರೆ, ನೌಕರಿ ಮೇಲಿನ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ. ಅದರಲ್ಲಿ ಹೆಂಡತಿ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಯಾವ ದೇಶಕ್ಕೂ 7 ಶೇಕಡಾಕ್ಕಿಂತ ಜಾಸ್ತಿ ಇಲ್ಲ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ.

ಬೋರ್ಡು ಹಿಂದಕ್ಕೆ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೋವಿಡ್ ಹೊತ್ತಿನಲ್ಲಿ ಕುಟುಂಬದ ಕೋಟಾದ ವೀಸಾ ಖರ್ಚಾಗದೆ ಉಳಿದು ನೌಕರಿ ಕೋಟಾಕ್ಕೆ ಬಂದವು. 2022ರ ಬೇಸಿಗೆಯಲ್ಲಿ ನನ್ನ ತಾರೀಖು ಬಂತು. ಓಡಿಹೋಗಿ ಮೆಡಿಕಲ್ ಮಾಡಿಸಿದೆ, ಐ-485 ಹಾಕಿದೆ. ಸೆಪ್ಟೆಂಬರ್‌ನಲ್ಲಿ ಬೋರ್ಡು 1 ಡಿಸೆಂಬರ್ 2014ಕ್ಕೆ ಹೋಗಿತ್ತು. ಅವ್ವ ತಿಕೋಟಾದಲ್ಲಿ ಪೇಢೆ ಹಂಚಿದಳು. ಅಕ್ಟೋಬರ್‌ನಲ್ಲಿ 1 ಏಪ್ರಿಲ್ 2012. ಡಿಸೆಂಬರ್‌ನಲ್ಲಿ 8 ಅಕ್ಟೋಬರ್ 2011! ನನ್ನ ಫೈಲು ಅಲ್ಲೇ ನಿಂತಿದೆ. ಮೂರು ವರ್ಷವಾಯಿತು. ಪೇಢೆ ತಿಂದವರು ಇನ್ನೂ ಕೇಳುತ್ತಾರೆ.

ಆದರೆ ಇದನ್ನು ಬರೀ ದುಃಖದ ಕತೆ ಮಾಡಬೇಡಿ. ಐ-140 ಪಾಸಾಗಿ 180 ದಿನ ದಾಟಿದ ಮೇಲೆ ಕಂಪನಿ ಅದನ್ನು ವಾಪಸ್ ಪಡೆದರೂ 2019ರ ತಾರೀಖು ನಿಮ್ಮ ಮಗನದ್ದೇ. ಬೇರೆ ಕಂಪನಿಗೆ ಹೋದರೂ ತಾರೀಖು ಜೊತೆಗೆ ಹೋಗುತ್ತದೆ, ಹೊಸದಾಗಿ ಪರ್ಮ್ ಮಾಡಿಸಿದರೆ ಆಯ್ತು. ಪರ್ಮ್‌ನ ಖರ್ಚು, ವಕೀಲರ ಫೀ ಸಮೇತ, ಕಾನೂನಿನ ಪ್ರಕಾರ ಕಂಪನಿಯದ್ದೇ. ಆರು ವರ್ಷ ಮುಗಿದರೂ ಎಚ್-1ಬಿ ಮೂರು ಮೂರು ವರ್ಷ ಮುಂದುವರಿಯುತ್ತದೆ. ಸೊಸೆಯೂ ಕೆಲಸ ಮಾಡಬಹುದು, 2015ರಿಂದ ಎಚ್-4ನವರಿಗೆ, ಅಂದರೆ ಇಂಥ ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ, ಆ ಅವಕಾಶ ಇದೆ. ನೆಲ ಗಟ್ಟಿ ಇಲ್ಲ, ನಿಜ. ಆದರೆ ಗಾಳಿಯಲ್ಲೂ ನಿಂತಿಲ್ಲ.

ಈಗ ಮುಖ್ಯ ಮಾತು, ಇದನ್ನು ಯಾವ ಇಬಿ-5 ಏಜೆಂಟೂ ಹೇಳುವುದಿಲ್ಲ. ಆ 2019ರ ತಾರೀಖನ್ನು ಇಬಿ-1ಕ್ಕೂ ಒಯ್ಯಬಹುದು. ಇದೇ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-1 ತಾರೀಖು 15 ಫೆಬ್ರವರಿ 2022. ಅಂದರೆ ಇವತ್ತು ನಿಮ್ಮ ಮಗನ ಕೈಯಲ್ಲಿ ಇಬಿ-1 ಐ-140 ಇದ್ದರೆ ಅವನಿಗೆ ಸಾಲೇ ಇಲ್ಲ. ಇಬಿ-1 ಸಿಗುವುದು ಹೇಗೆ? ಒಂದು, ಅಸಾಧಾರಣ ಸಾಧನೆಯ ದಾರಿ. ಪೇಪರ್, ಪ್ರಶಸ್ತಿ, ದೊಡ್ಡ ಸಂಬಳ ಹೀಗೆ 10 ಮಾನದಂಡಗಳಲ್ಲಿ 3 ತೋರಿಸಬೇಕು. ಸಂಶೋಧನೆ ಮಾಡಿದವರಿಗೆ ಸರಿ, ನಮ್ಮಂಥ ಕೋಡ್ ಬರೆಯುವವರಿಗೆ ಕಷ್ಟ. ಇನ್ನೊಂದು ಇಬಿ-1ಸಿ, ಬಹುರಾಷ್ಟ್ರೀಯ ಕಂಪನಿಯ ಮ್ಯಾನೇಜರ್‌ಗಳಿಗೆ. ಅವನ ಕಂಪನಿಗೆ ಭಾರತದಲ್ಲಿ ಆಫೀಸ್ ಇದ್ದರೆ, ಅಲ್ಲಿ ಒಂದು ವರ್ಷ ಮ್ಯಾನೇಜರ್ ಆಗಿ ಕೆಲಸ ಮಾಡಿ, ಎಲ್-1ಎ ಎಂಬ ಕಂಪನಿಯೊಳಗಿನ ವರ್ಗಾವಣೆ ವೀಸಾ ಮೇಲೆ ವಾಪಸ್ ಹೋಗಿ, ಮ್ಯಾನೇಜರ್ ಹುದ್ದೆಗೇ ಅರ್ಜಿ ಹಾಕಬಹುದು. ಆ 1 ಲಕ್ಷ ಡಾಲರ್ ಎಚ್-1ಬಿಗೆ, ಎಲ್-1ಕ್ಕೆ ಅಲ್ಲ.

ಸುಳ್ಳು ಮ್ಯಾನೇಜರ್ ಆಗಿ ಹೋದರೆ ಸಿಕ್ಕಿಬೀಳುತ್ತಾನೆ. ಕೆಳಗೆ ಯಾರು ಕೆಲಸ ಮಾಡುತ್ತಾರೆ, ಯಾರನ್ನು ತೆಗೆಯುವ ಸೇರಿಸುವ ಅಧಿಕಾರ ಇದೆ, ಎಲ್ಲಾ ನೋಡುತ್ತಾರೆ. ಒಂದು ವರ್ಷ ಆದ ಮೇಲೆ ಕಂಪನಿ ವಾಪಸ್ ಕಳಿಸಲೇಬೇಕು ಎಂದೂ ಇಲ್ಲ. ನನ್ನ ಕಂಪನಿಗೆ ಭಾರತದಲ್ಲಿ ಆಫೀಸೇ ಇಲ್ಲ, ಇದ್ದಿದ್ದರೆ 2016ರಲ್ಲೇ ಗಂಟುಮೂಟೆ ಕಟ್ಟುತ್ತಿದ್ದೆ.

ಗೋಳಗುಮ್ಮಟ ಲೇಔಟ್

ಇಷ್ಟೆಲ್ಲಾ ಯಾಕೆ ಸರ್, ಟ್ರಂಪ್ ಗೋಲ್ಡ್ ಕಾರ್ಡ್ ತೆಗೆದುಕೊಳ್ಳಿ 😄

ತಿಕೋಟಾ ಟು ಎಡಿಸನ್

ಗುರುವೇ, ಅದು 10 ಲಕ್ಷ ಡಾಲರ್ ಕಾಣಿಕೆ, ಹೂಡಿಕೆಯಲ್ಲ. ಹುಂಡಿಗೆ ಹಾಕಿದ ಹಾಗೆ, ವಾಪಸ್ ಕೇಳುವ ಹಾಗಿಲ್ಲ. ಮೇಲಾಗಿ ವೀಸಾ ಕೊಡುವುದು ಇಬಿ-1, ಇಬಿ-2 ಕೋಟಾದಿಂದಲೇ. ಕಾಣಿಕೆ ಹಾಕಿ ಮತ್ತೆ ಅದೇ ಪಾಳಿಯಲ್ಲಿ ನಿಲ್ಲುವುದು.

ಲೆಕ್ಕದ ಅಕ್ಕ, ವಿಜಯಪುರ

ಮಾಸ್ತರರೇ, ನಾನು ಸ್ಟೇಷನ್ ರೋಡಿನಲ್ಲಿ ಟ್ಯಾಕ್ಸ್ ಲೆಕ್ಕ ನೋಡುವವಳು. ಅಮೆರಿಕದ ಕಡೆಯದ್ದು ಇವರಿಬ್ಬರೂ ಹೇಳಿದರು. ದುಡ್ಡು ನಮ್ಮ ದೇಶ ದಾಟುವ ಲೆಕ್ಕ ನಾನು ಹೇಳುತ್ತೇನೆ.

ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ ಎಲ್‌ಆರ್‌ಎಸ್ ಪ್ರಕಾರ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಮಾತ್ರ ಹೊರಗೆ ಕಳಿಸಬಹುದು. ನೀವು, ನಿಮ್ಮ ಮನೆಯವರು, ಇಬ್ಬರೂ ಸೇರಿ 5 ಲಕ್ಷ. ಅದಕ್ಕೆ ಜನ ಮಾರ್ಚ್‌ನಲ್ಲಿ ಒಂದು ಸಲ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕಳಿಸುತ್ತಾರೆ. ಮಾರ್ಚ್‌ನಲ್ಲಿ 5 ಲಕ್ಷ, ಏಪ್ರಿಲ್‌ನಲ್ಲಿ 3 ಲಕ್ಷ, ಆಯ್ತು. ಆದರೆ ನಿಮ್ಮ ಮನೆಯವರ ಹೆಸರಿನಲ್ಲಿ ಹೋಗಬೇಕಾದರೆ ಹಣ ಮೊದಲು ಅವರದ್ದಾಗಬೇಕು, ಅದಕ್ಕೆ ದಾನಪತ್ರ. ಇಬ್ಬರಿಂದ ಮಗನಿಗೆ ಮತ್ತೆ ದಾನಪತ್ರ. ಇಲ್ಲಿ ಅವನಿಗೆ ಟ್ಯಾಕ್ಸ್ ಇಲ್ಲ. ಅಲ್ಲೂ ಟ್ಯಾಕ್ಸ್ ಇಲ್ಲ, ಆದರೆ ಹೊರದೇಶದಿಂದ ವರ್ಷಕ್ಕೆ 1 ಲಕ್ಷ ಡಾಲರ್ ಮೀರಿ ಉಡುಗೊರೆ ಬಂದರೆ 3520 ಎಂಬ ಫಾರ್ಮ್ ತುಂಬಬೇಕು. ಮರೆತರೆ ದಂಡ ಜೋರಾಗಿರುತ್ತದೆ.

ಇನ್ನು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಹಿಡಿಯುವ ಮುಂಗಡ ಟ್ಯಾಕ್ಸ್. ಒಬ್ಬರಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಬಿಟ್ಟು ಉಳಿದದ್ದಕ್ಕೆ 20 ಶೇಕಡಾ ಬ್ಯಾಂಕು ಹಿಡಿಯುತ್ತದೆ. ನಿಮ್ಮ 7 ಕೋಟಿ 4 ಲಕ್ಷದಲ್ಲಿ ನಾಲ್ಕು ಸಲದ 40 ಲಕ್ಷ ಕಳೆಯಿರಿ, 6 ಕೋಟಿ 64 ಲಕ್ಷ. ಅದರ 20 ಶೇಕಡಾ 1 ಕೋಟಿ 32 ಲಕ್ಷ 80 ಸಾವಿರ. ಇದು ಕಳಿಸುವ ಹಣದ ಮೇಲೆ ಬೇರೆಯಾಗಿ ಕಟ್ಟುವುದು. ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ. ಆದರೆ ಕಳಿಸುವ ದಿನ ಕೈಯಲ್ಲಿ ಇರಬೇಕಲ್ಲ? ಬರೋಬ್ಬರಿ ಆದ ಲೆಕ್ಕ ಇಲ್ಲಿಗೇ ತಪ್ಪಿತು.

ಈಗ ಕೇಳಬಾರದ್ದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 18 ಎಕರೆ ಎಂದಿರಿ. ಉತಾರದಲ್ಲಿ (ಪಹಣಿಯಲ್ಲಿ) ಯಾರ್ಯಾರ ಹೆಸರಿದೆ? ಪಿತ್ರಾರ್ಜಿತ ಹೊಲವಾ? ನಿಮಗೆ ಅಕ್ಕತಂಗಿಯರು ಇದ್ದಾರಾ? 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಅಪ್ಪ ಆಗ ಬದುಕಿರಲೇಬೇಕು ಎಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಆಫೀಸಿಗೆ ಬರುವ ಮುಳುಗಡೆ ಫೈಲುಗಳಲ್ಲಿ ಅರ್ಧ ಜಗಳ ಇದೇ. ಹೊಲ ಇದ್ದಾಗ ಯಾರೂ ಕೇಳುವುದಿಲ್ಲ, ಪರಿಹಾರ ಬಂದಾಗ ಎಲ್ಲರಿಗೂ ನೆನಪಾಗುತ್ತದೆ. ತಪ್ಪು ಅವರದ್ದಲ್ಲ.

ನವನಗರದ ಮಾಸ್ತರ

ನಾಲ್ಕು ದಿನ ಉತ್ತರ ಬರೆಯಲಿಲ್ಲ. ಲೆಕ್ಕದ ಅಕ್ಕನ ಪ್ರಶ್ನೆ ಓದಿ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದು ನಿಮ್ಮ ಮೇಲಲ್ಲ.

ನನಗೆ ಒಬ್ಬಳೇ ತಂಗಿ. 1988ರಲ್ಲಿ ಮದುವೆ ಮಾಡಿ ಮುಧೋಳಕ್ಕೆ ಕೊಟ್ಟೆವು. ಹೊಲ ನಮ್ಮ ಅಜ್ಜನದ್ದು. ಅಪ್ಪ ತೀರಿಕೊಂಡ ಮೇಲೆ ಉತಾರದಲ್ಲಿ ನನ್ನ ಹೆಸರು ಏರಿತು. ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಹಕ್ಕು ಬಿಟ್ಟುಕೊಟ್ಟ ಪತ್ರವೂ ಇಲ್ಲ, ವಾಟ್ನಿ (ಪಾಲು ಹಂಚಿಕೆ) ಪತ್ರವೂ ಇಲ್ಲ. ಪ್ರತಿ ವರ್ಷ ಪಂಚಮಿಗೆ ಬರುತ್ತಾಳೆ, ಸೀರೆ ಉಡಿಸಿ ಉಂಡಿ ಕಟ್ಟಿ ಕಳಿಸುತ್ತೇವೆ, ಅಷ್ಟೇ. ನಾನು ಮಕ್ಕಳಿಗೆ 31 ವರ್ಷ ಭಾಗಾಕಾರ ಕಲಿಸಿದವನು. ಇಬ್ಬರು ಮಕ್ಕಳು, 18 ಎಕರೆ. ಒಬ್ಬರಿಗೆ 9. 9 ಎಕರೆಗೆ 3 ಕೋಟಿ 60 ಲಕ್ಷ. ಇದು ನನಗೆ ಇಷ್ಟು ದಿನ ಹೊಳೆಯಲೇ ಇಲ್ಲ ನೋಡಿ.

ಭಾನುವಾರ ಮುಧೋಳಕ್ಕೆ ಹೋಗಿದ್ದೆ. ಎಲ್ಲಾ ಹೇಳಿದೆ, ಅಮೆರಿಕದ್ದೂ ಹೇಳಿದೆ. ಅವಳು ಚಹಾ ಸೋಸುತ್ತಾ ಕೇಳಿಸಿಕೊಂಡಳು. "ಅಣ್ಣಾ, ಹುಡುಗನಿಗೆ ಕಷ್ಟ ಇದ್ದರೆ ನಾನು ಕೊಡೋದಿಲ್ಲ ಅನ್ನೋದಿಲ್ಲ. ಆದರೆ ಮೊದಲು ನನ್ನದು ನನ್ನ ಹೆಸರಿಗೆ ಆಗಲಿ. ಆಮೇಲೆ ಕೊಡೋದಾದರೆ ನಾನು ಕೊಟ್ಟೆ ಅಂತ ಆಗ್ತದೆ" ಎಂದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಚಹಾ ಕುಡಿದು ಬಂದೆ.

ರಾತ್ರಿ ಮಗನಿಗೆ ಫೋನ್ ಮಾಡಿ, ಇಬಿ-5 ಸದ್ಯಕ್ಕೆ ನಮ್ಮಿಂದಾಗದು, ಅರ್ಧ ಹೊಲ ನಿನ್ನ ಅತ್ತೆಯದ್ದು, ಉಳಿದ ಅರ್ಧದ ಹಣ ಯಾವಾಗ ಬರುತ್ತದೋ ಆ ಕೃಷ್ಣೆಗೇ ಗೊತ್ತು ಎಂದೆ. ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಿಕೋಟಾದವರು ಬರೆದದ್ದನ್ನು ಓದಿ ಹೇಳಿದೆ. ಅವನ ಕಂಪನಿಗೆ ಬೆಂಗಳೂರಿನಲ್ಲಿ ಆಫೀಸ್ ಇದೆ, ಕೈಕೆಳಗೆ ಆರು ಜನರ ಟೀಮೂ ಇದೆ. ಇಬಿ-1ಸಿ ಬಗ್ಗೆ ಅವನಿಗೆ ಗೊತ್ತಿತ್ತಂತೆ, ಆದರೆ ಹಳೇ ತಾರೀಖನ್ನು ಒಯ್ಯಬಹುದು ಎಂಬುದು ತಲೆಗೆ ಬಂದಿರಲಿಲ್ಲವಂತೆ. ತನ್ನದೇ ವಕೀಲನನ್ನು ದುಡ್ಡು ಕೊಟ್ಟು ಕೇಳಿ, ಆಮೇಲೆ ಮ್ಯಾನೇಜರ್ ಹತ್ತಿರ ಮಾತಾಡುತ್ತಾನೆ. ಬಂದರೂ ವಾಪಸ್ ಹೋಗುವುದು ಗ್ಯಾರಂಟಿ ಇಲ್ಲ ಎಂಬುದನ್ನೂ ಎರಡು ಸಲ ಹೇಳಿದ್ದೇನೆ.

ಸೋಮವಾರ ಬೀಳಗಿ ತಹಶೀಲ್ದಾರ್ ಕಚೇರಿಗೆ ಹೋಗಿ ಹಳೇ ಮ್ಯುಟೇಶನ್ ನಕಲಿಗೆ ಅರ್ಜಿ ಹಾಕಿ ಬಂದೆ. ತಂಗಿಯ ಆಧಾರ್ ಕಾರ್ಡಿನಲ್ಲಿ ಗಂಡನ ಮನೆ ಹೆಸರು, ಶಾಲೆ ದಾಖಲೆಯಲ್ಲಿ ತವರಿನ ಹೆಸರು ಇದೆ. ಇದಕ್ಕೆ ಅಫಿಡವಿಟ್ ಸಾಕಾ ಅಕ್ಕಾ?

ಒಂದೇ ತಾಪತ್ರಯ. ಫೋನಿನಲ್ಲಿ "ಒಂದು ವರ್ಷ ಬೆಂಗಳೂರು" ಎಂದದ್ದು ನಮ್ಮ ಮನೆಯವರ ಕಿವಿಗೆ ಬಿದ್ದಿದೆ. ಇನ್ನೂ ಏನೂ ಆಗಿಲ್ಲ ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ. ಮಹಡಿ ಕೋಣೆಯ ಗಾದಿಗಳನ್ನು ಬಿಸಿಲಿಗೆ ಹಾಕಿದ್ದಾರೆ. ಮೊಮ್ಮಗಳ ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಬಾ ಎಂದು ನನ್ನನ್ನು ಈಗ ಅಂಗಡಿಗೆ ಅಟ್ಟುತ್ತಿದ್ದಾರೆ.